ಎಎಂಎಚ್ 0.9 ಬಂದಿದೆ, ಮೊಟ್ಟೆಗಳೆಲ್ಲ ಮುಗಿದೇ ಹೋದವಾ?

ಪ್ರಶ್ನೆ: ನನಗೆ 33 ವರ್ಷ. ಮಗುವಿಗಾಗಿ ಪ್ರಯತ್ನ ಶುರು ಮಾಡಿ ಎಂಟು ತಿಂಗಳಾಯ್ತು. ಮುಟ್ಟು 27–28 ದಿನಕ್ಕೊಮ್ಮೆ ಸರಿಯಾಗಿ ಆಗುತ್ತೆ. ಸುಮ್ನೆ ಒಂದು ಸಲ ನೋಡೋಣ ಅಂತ ಹಾರ್ಮೋನ್ ಟೆಸ್ಟ್ ಮಾಡಿಸಿದೆ. ಎಎಂಎಚ್ 0.9, ಎಫ್‌ಎಸ್‌ಎಚ್ 7.8 ಬಂತು. ರಕ್ತ ಕೊಟ್ಟಿದ್ದು ಮುಟ್ಟಾಗಿ ಹತ್ತು ದಿನ ಆದಮೇಲೆ ಇರಬೇಕು, ಸರಿಯಾಗಿ ನೆನಪಿಲ್ಲ. ಸ್ಕ್ಯಾನಿನಲ್ಲಿ ಎರಡೂ ಕಡೆ ಸೇರಿ 7 ಫಾಲಿಕಲ್ (ಮೊಟ್ಟೆ ಇರುವ ಸಣ್ಣ ಚೀಲ) ಅಂತ ಬರೆದಿದ್ದಾರೆ. "ಮೊಟ್ಟೆಗಳ ರಿಸರ್ವ್ ಕಡಿಮೆ ಇದೆ, ತಡ ಮಾಡದೆ ಐವಿಎಫ್ ಮಾಡಿಸಿ, ಇಲ್ಲದಿದ್ದರೆ ಡೋನರ್ ಮೊಟ್ಟೆಯೇ ಗತಿ" ಅಂದರು. ನನ್ನ ಅಕ್ಕನಿಗೆ 36, ಅವಳಿಗೆ ಎಎಂಎಚ್ 7.2 ಬಂದಿದೆ. ನನಗಿಂತ ದೊಡ್ಡವಳಿಗೆ ಅಷ್ಟಿದ್ದು ನನಗೆ ಯಾಕೆ ಇಷ್ಟು ಕಡಿಮೆ? ಅವಳಿಗೆ ಮುಟ್ಟು ಎರಡು ಎರಡೂವರೆ ತಿಂಗಳಿಗೊಮ್ಮೆ ಆಗೋದು. ಕೂದಲು ಉದುರುತ್ತೆ ಅಂತ ನಾನು ಆರು ತಿಂಗಳಿಂದ ಬಯೋಟಿನ್ ಮಾತ್ರೆ ತಗೋತಿದ್ದೀನಿ, ಬೇರೆ ಯಾವ ಔಷಧಿಯೂ ಇಲ್ಲ. ಗಂಡನ ಟೆಸ್ಟ್ ಇನ್ನೂ ಮಾಡಿಸಿಲ್ಲ. ಎಎಂಎಚ್ ಏರಿಸೋಕೆ ದಾರಿ ಇದೆಯಾ? ಮುಟ್ಟು ಬೇಗ ನಿಂತುಹೋಗುತ್ತಾ?

ಉತ್ತರ: ಮುಗಿದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕಂದರೆ ಈ ಭಯ ತಲೆಯಲ್ಲಿ ಇಟ್ಟುಕೊಂಡು ಮುಂದಿನದ್ದನ್ನು ಓದಿದರೆ ಒಂದು ಅಕ್ಷರವೂ ಒಳಗೆ ಇಳಿಯುವುದಿಲ್ಲ.

ನಿಮಗೆ ಹೇಳಿರುವುದರಲ್ಲಿ ಅರ್ಧ ನಿಜ, ಅರ್ಧ ಅವಸರ. ನಿಮ್ಮ ವಯಸ್ಸಿಗೆ 0.9 ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಈ ವಯಸ್ಸಿನವರಲ್ಲಿ ಎರಡು ಎರಡೂವರೆ ಆಸುಪಾಸು ಇರುವುದು ಮಾಮೂಲಿ. ಆದರೆ ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಅಂತ ಯಾರೂ ನಿಮಗೆ ಬಿಡಿಸಿ ಹೇಳಿದ ಹಾಗೆ ಕಾಣುತ್ತಿಲ್ಲ. ಇಂಜೆಕ್ಷನ್ ಕೊಟ್ಟು ಅಂಡಾಶಯಕ್ಕೆ ಕೆಲಸ ಹಚ್ಚಿದರೆ ಒಂದು ಸಲಕ್ಕೆ ಎಷ್ಟು ಮೊಟ್ಟೆ ಸಿಗಬಹುದು, ಎಎಂಎಚ್ ಉತ್ತರ ಕೊಡುವುದು ಈ ಪ್ರಶ್ನೆಗೆ. ನೀವು ಕೇಳುತ್ತಿರುವುದು ನನಗೆ ಮಗು ಆಗುತ್ತಾ ಅಂತ. ಎರಡೂ ಬೇರೆ.

ಯಾಕೆ ಬೇರೆ ಅನ್ನುವುದಕ್ಕೆ ಸ್ವಲ್ಪ ಒಳಗೆ ಹೋಗಬೇಕು. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿನದಾಗಿರುವಾಗ ಅದರ ಅಂಡಾಶಯದಲ್ಲಿ 60–70 ಲಕ್ಷ ಮೊಟ್ಟೆಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅದು 10–20 ಲಕ್ಷಕ್ಕೆ ಇಳಿದಿರುತ್ತದೆ. ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಜೀವನಪೂರ್ತಿ ಹೊರಗೆ ಬರುವುದು ಸುಮಾರು 400 ಅಷ್ಟೇ. ಉಳಿದವೆಲ್ಲ ತಾವಾಗಿಯೇ ಕರಗಿಹೋಗುತ್ತವೆ, ನೀವು ಗರ್ಭನಿರೋಧಕ ಗುಳಿಗೆ ತಗೊಂಡರೂ ಬಿಟ್ಟರೂ, ಬಸುರಿಯಾದರೂ ಆಗದಿದ್ದರೂ. ದಾಸ್ತಾನಿನಿಂದ ಪ್ರತಿದಿನ ಒಂದಷ್ಟು ಮೊಟ್ಟೆಗಳು ಎದ್ದು ಬೆಳೆಯಲು ಶುರು ಮಾಡುತ್ತವೆ. ಅವುಗಳ ಸುತ್ತ ಇರುವ ಜೀವಕೋಶಗಳು ಎಎಂಎಚ್ ಬಿಡುತ್ತವೆ. ಫಾಲಿಕಲ್ 8 ಮಿಲಿಮೀಟರ್ ದಾಟಿ ಬೆಳೆದ ಮೇಲೆ ಎಎಂಎಚ್ ಬಿಡುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಂದರೆ ನಿಮ್ಮ ರಕ್ತದಲ್ಲಿ ಅಳೆದದ್ದು ದಾಸ್ತಾನನ್ನೇ ಅಲ್ಲ, ದಾಸ್ತಾನಿನಿಂದ ಎದ್ದು ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳ ಸದ್ದನ್ನು. ಕಣಜದೊಳಗೆ ಇಳಿದು ಅಳೆಯುವ ಉಪಾಯ ಇನ್ನೂ ಯಾರ ಹತ್ತಿರವೂ ಇಲ್ಲ.

ಹಾರ್ಮೋನಿನ ಹೆಸರೇ ಒಂದು ತಮಾಷೆ. ಆಂಟಿ ಮುಲ್ಲೇರಿಯನ್ ಹಾರ್ಮೋನ್. ಜೊಹಾನ್ನೆಸ್ ಮುಲ್ಲರ್ ಅಂತ ಜರ್ಮನಿಯ ಅಂಗರಚನಾ ತಜ್ಞ, 1830ರಲ್ಲಿ ಭ್ರೂಣದಲ್ಲಿರುವ ಒಂದು ಜೋಡಿ ನಾಳಗಳನ್ನು ವಿವರಿಸಿದ. ಹೆಣ್ಣು ಭ್ರೂಣದಲ್ಲಿ ಆ ನಾಳಗಳೇ ಗರ್ಭಕೋಶ ಮತ್ತು ಟ್ಯೂಬುಗಳಾಗುತ್ತವೆ. ಗಂಡು ಭ್ರೂಣದಲ್ಲಿ ಅವು ಕರಗಿಹೋಗಬೇಕು, ಆ ಕೆಲಸ ಮಾಡುವುದು ಈ ಹಾರ್ಮೋನ್. ಗಂಡುಮಗುವಿನ ಲೆಕ್ಕದಲ್ಲಿ ಹೆಸರು ಪಡೆದದ್ದು ಈಗ ಹೆಂಗಸರ ನಿದ್ದೆ ಕೆಡಿಸುತ್ತಿದೆ.

ಈಗ ಒಂದು ಸಾಮಾನ್ಯ ತಿಂಗಳನ್ನು ಯೋಚಿಸಿ. 20 ಫಾಲಿಕಲ್ ಇರುವವಳಿಗೂ ಆ ತಿಂಗಳು ಒಂದೇ ಮೊಟ್ಟೆ ಬಿಡುಗಡೆ ಆಗುವುದು. 7 ಇರುವ ನಿಮಗೂ ಒಂದೇ. ಅವಳದ್ದು 19 ಕರಗಿತು, ನಿಮ್ಮದು 6 ಕರಗಿತು. ಗರ್ಭ ಕಟ್ಟಬೇಕಾಗಿರುವುದು ಆ ಒಂದರಿಂದ. ಇದು ಬರೀ ತರ್ಕ ಅಂದುಕೊಳ್ಳಬೇಡಿ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 30ರಿಂದ 44 ವರ್ಷದ ಸುಮಾರು 750 ಹೆಂಗಸರನ್ನು, ಆಗಷ್ಟೇ ಪ್ರಯತ್ನ ಶುರು ಮಾಡಿದವರನ್ನು, ಹಿಂಬಾಲಿಸಿ ನೋಡಿದರು. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ತಿಂಗಳ ಚಕ್ರಗಳೊಳಗೆ ಗರ್ಭ ಕಟ್ಟುವ ಸಾಧ್ಯತೆ ಶೇ. 65, ಸರಿಯಾಗಿ ಇದ್ದವರಲ್ಲಿ ಶೇ. 62. ಲೆಕ್ಕಶಾಸ್ತ್ರದ ಪ್ರಕಾರ ವ್ಯತ್ಯಾಸವೇ ಇಲ್ಲ. ಒಂದು ವರ್ಷದ ಲೆಕ್ಕದಲ್ಲೂ ಹಾಗೇ. ನಿಮ್ಮದು 0.9, ಅವರ ಗಡಿಗಿಂತ ಮೇಲೆಯೇ.

ಆದರೂ ಆ ಅಧ್ಯಯನವನ್ನು ಪೂರ್ತಿ ನಿಮ್ಮ ಮೇಲೆ ಹಾಕಲಾರೆ. ಅದರಲ್ಲಿದ್ದವರು ಪ್ರಯತ್ನ ಶುರು ಮಾಡಿ ಮೂರು ತಿಂಗಳೂ ದಾಟಿರಲಿಲ್ಲ, ನಿಮಗೆ ಎಂಟು ತಿಂಗಳಾಗಿದೆ. ಎಂಟು ತಿಂಗಳು ಆಗದೇ ಇದ್ದದ್ದಕ್ಕೆ ಬೇರೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. 35ರ ಒಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ನೋಡಿ ಆಮೇಲೆ ತಪಾಸಣೆಗೆ ಬನ್ನಿ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ನೀವು ಸ್ವಲ್ಪ ಮುಂಚೆ ಹೋಗಿದ್ದೀರಿ. ತಪ್ಪೇನಿಲ್ಲ. ಆದರೆ ತಪಾಸಣೆ ಮಾಡಿದ್ದು ಅರ್ಧ ಮಾತ್ರ.

ಎಫ್‌ಎಸ್‌ಎಚ್ ವಿಷಯಕ್ಕೆ ಬರೋಣ. 7.8 ನೋಡಿ ಸಮಾಧಾನವನ್ನೂ ಪಡಬೇಡಿ, ಗಾಬರಿಯನ್ನೂ ಪಡಬೇಡಿ. ಹತ್ತನೇ ದಿನ ಕೊಟ್ಟ ರಕ್ತದ ಎಫ್‌ಎಸ್‌ಎಚ್‌ನಿಂದ ರಿಸರ್ವ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಎಫ್‌ಎಸ್‌ಎಚ್ ಅಂದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯವನ್ನು ಎಬ್ಬಿಸುವ ಕೂಗು. ಒಳಗೆ ಜನ ಕಡಿಮೆ ಇದ್ದರೆ ಜೋರಾಗಿ ಕೂಗಬೇಕಾಗುತ್ತದೆ, ಆಗ ಸಂಖ್ಯೆ ಏರುತ್ತದೆ. ಈ ಕೂಗನ್ನು ಮುಟ್ಟಿನ 2, 3 ಅಥವಾ 4ನೇ ದಿನವೇ ಕೇಳಬೇಕು. ಜೊತೆಗೆ ಬೆಳೆಯುವ ಫಾಲಿಕಲ್ ಬಿಡುವ ಎಸ್ಟ್ರಡಯಾಲ್ ಅನ್ನುವ ಹಾರ್ಮೋನನ್ನೂ ನೋಡಬೇಕು. ಯಾಕೆ ಗೊತ್ತಾ? ರಿಸರ್ವ್ ಕಡಿಮೆ ಆದವರಲ್ಲಿ ಕೆಲವೊಮ್ಮೆ ಒಂದು ಫಾಲಿಕಲ್ ಅವಸರ ಮಾಡಿ ಮುಂಚೆಯೇ ಬೆಳೆದುಬಿಡುತ್ತದೆ, ಅದರ ಎಸ್ಟ್ರಡಯಾಲ್ ಹೋಗಿ ಎಫ್‌ಎಸ್‌ಎಚ್ ಅನ್ನು ತುಳಿದು ಕೆಳಗಿಡುತ್ತದೆ. ಆಗ ಎಫ್‌ಎಸ್‌ಎಚ್ 6 ಅಂತ ಚಂದವಾಗಿ ಬರುತ್ತದೆ, ಪಕ್ಕದಲ್ಲೇ ಎಸ್ಟ್ರಡಯಾಲ್ 90 ಅಂತ ಇರುತ್ತದೆ. ಎರಡನ್ನೂ ಸೇರಿಸಿ ಓದದವರು ಮೋಸ ಹೋಗುತ್ತಾರೆ. 3ನೇ ದಿನ ಎಫ್‌ಎಸ್‌ಎಚ್ 10 ದಾಟಿದರೆ ರಿಸರ್ವ್ ಇಳಿದಿದೆ ಅಂತ ಯೋಚಿಸುತ್ತೇವೆ. ಎಎಂಎಚ್‌ಗೆ ಈ ದಿನದ ತಲೆನೋವು ಇಲ್ಲ, ಯಾವತ್ತು ಕೊಟ್ಟರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಅದಕ್ಕೇ ಅದು ಇಷ್ಟು ಜನಪ್ರಿಯ ಆಗಿರುವುದು.

ಇನ್ನು ಬಯೋಟಿನ್. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇಲ್ಲಿ. ಕೂದಲು, ಉಗುರಿನ ಮಾತ್ರೆಗಳಲ್ಲಿ ಬಯೋಟಿನ್ 5 ಅಥವಾ 10 ಮಿಲಿಗ್ರಾಂ ಇರುತ್ತದೆ. ಮೈಗೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ. ಅಂದರೆ ನೂರಾರು ಪಟ್ಟು ಜಾಸ್ತಿ. ಮೈಗೆ ಅದರಿಂದ ತೊಂದರೆ ಏನಿಲ್ಲ, ತೊಂದರೆ ಲ್ಯಾಬಿನ ಯಂತ್ರಕ್ಕೆ. ಕೆಲವು ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಜೋಡಿಯನ್ನೇ ಅಂಟಿನಂತೆ ಬಳಸುತ್ತವೆ. ನಿಮ್ಮ ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಆ ಅಂಟಿನ ಜಾಗವನ್ನೆಲ್ಲ ಅದೇ ಹಿಡಿದು ಕೂತುಬಿಡುತ್ತದೆ. ಆಗ ಎಎಂಎಚ್, ಎಫ್‌ಎಸ್‌ಎಚ್, ಥೈರಾಯ್ಡಿನ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಬಹುದು. ಎಸ್ಟ್ರಡಯಾಲ್, ಪ್ರೊಜೆಸ್ಟರಾನ್ (ಮೊಟ್ಟೆ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ಉಲ್ಟಾ, ಜಾಸ್ತಿ ತೋರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ. ಹಾಗಾಗಿ ಮಾತ್ರೆಯನ್ನು ಕನಿಷ್ಠ ಮೂರು ದಿನ ನಿಲ್ಲಿಸಿ, ನಾನಾದರೆ ಒಂದು ವಾರ ಅನ್ನುತ್ತೇನೆ, ಮತ್ತೆ ಪರೀಕ್ಷೆ ಮಾಡಿಸಿ. ರಕ್ತ ತೆಗೆಯುವವರಿಗೆ ಮಾತ್ರೆ ತಗೋತಿದ್ದ ವಿಷಯ ಹೇಳಿ. ಅವರಾಗಿ ಕೇಳುವುದು ಅಪರೂಪ.

ಇದರಿಂದ 0.9 ಹೋಗಿ 3 ಆಗಿಬಿಡುತ್ತದೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಸ್ಕ್ಯಾನಿನಲ್ಲಿ ಕಂಡಿರುವ 7 ಫಾಲಿಕಲ್ 0.9ಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಬಯೋಟಿನ್ ಸ್ಕ್ಯಾನ್ ಯಂತ್ರವನ್ನು ಕೆಡಿಸುವುದಿಲ್ಲ ಅಲ್ವಾ.

ಆ ಸ್ಕ್ಯಾನ್ ಬಗ್ಗೆಯೂ ಸ್ವಲ್ಪ. ನಾವು ಅದನ್ನು ಮಾಡುವಾಗ ತೆರೆಯ ಮೇಲೆ ಅಂಡಾಶಯ ಬೂದು ಬಣ್ಣದ ಬಾದಾಮಿಯ ಹಾಗೆ ಕಾಣುತ್ತದೆ, ಅದರೊಳಗೆ ಕಪ್ಪು ಕಪ್ಪು ಚುಕ್ಕೆಗಳು. 2ರಿಂದ 10 ಮಿಲಿಮೀಟರ್ ಒಳಗಿನವನ್ನು ಎಣಿಸಬೇಕು. ಪ್ರೋಬನ್ನು ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸುತ್ತಾ ಎಣಿಸುತ್ತೇವೆ, ಒಂದು ಚುಕ್ಕೆ ಮರೆಯಾಗಿ ಇನ್ನೊಂದು ಎದ್ದು ಬರುತ್ತದೆ, ಇದನ್ನು ಆಗಲೇ ಎಣಿಸಿದೆನಾ ಇಲ್ವಾ ಅಂತ ವಾಪಸ್ ಹೋಗುತ್ತೇವೆ. ರಕ್ತನಾಳ ಅಡ್ಡಡ್ಡ ಕಂಡರೆ ಅದೂ ಚುಕ್ಕೆಯ ಹಾಗೇ ಇರುತ್ತದೆ. ಕರುಳಿನ ಗಾಳಿ ಅಡ್ಡ ಬಂದರೆ ಎಡಗಡೆಯದ್ದು ಅರ್ಧ ಕಾಣುವುದೇ ಇಲ್ಲ. ಒಂದೇ ದಿನ ಒಂದೇ ಅಂಡಾಶಯವನ್ನು ನಾನು 4 ಅಂತ ಎಣಿಸಿ, ಪಕ್ಕದಲ್ಲಿದ್ದ ಸಹೋದ್ಯೋಗಿ 6 ಅಂತ ಎಣಿಸಿದ್ದುಂಟು. ಹಾಗಾಗಿ 7 ಅನ್ನುವುದನ್ನು 6ರಿಂದ 9ರ ನಡುವೆ ಎಲ್ಲೋ ಅಂತ ಓದಿಕೊಳ್ಳಿ.

ಎಎಂಎಚ್ ಕೂಡ ಹಾಗೇ. ಬೇರೆ ಬೇರೆ ಕಂಪನಿಯ ಕಿಟ್‌ಗಳಲ್ಲಿ ಬೇರೆ ಬೇರೆ ಸಂಖ್ಯೆ ಬರುತ್ತದೆ. ಅಳತೆಯ ಘಟಕವನ್ನೂ ನೋಡಿ. ಒಬ್ಬರು ನನ್ನ ಹತ್ತಿರ ಖುಷಿಯಾಗಿ ಬಂದಿದ್ದರು, ಹಿಂದಿನ ವರ್ಷ 1 ಇದ್ದದ್ದು ಈಗ 6.4 ಆಗಿದೆ, ಯಾರೋ ಹೇಳಿದ ಪುಡಿ ತಿಂದದ್ದು ಕೆಲಸ ಮಾಡಿದೆ ಅಂತ. ರಿಪೋರ್ಟ್ ನೋಡಿದರೆ ಮೊದಲನೆಯದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಪೈಕೋಮೋಲ್ ಲೆಕ್ಕ. ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ ಅಂದರೆ ಲೀಟರಿಗೆ 7.14 ಪೈಕೋಮೋಲ್. 6.4 ಅಂದರೆ ಸರಿಯಾಗಿ 0.9. ಅವರಿಗೆ ಅದನ್ನು ಹೇಳುವಾಗ ನನಗೇ ಬೇಜಾರಾಯಿತು.

ಅಕ್ಕನ ವಿಷಯ. 7.2 ಇದೆ ಅಂತ ಹೊಟ್ಟೆ ಉರಿದುಕೊಳ್ಳಬೇಡಿ. ಮುಟ್ಟು ಎರಡೂವರೆ ತಿಂಗಳಿಗೊಮ್ಮೆ ಆಗುತ್ತಿದೆ, ಎಎಂಎಚ್ ಅಷ್ಟಿದೆ ಅಂದರೆ ಪಿಸಿಓಎಸ್ ಇರುವ ಸಾಧ್ಯತೆ ಜಾಸ್ತಿ. ಅಲ್ಲಿ ಸಣ್ಣ ಫಾಲಿಕಲ್‌ಗಳು ಗುಂಪುಗಟ್ಟಿ ನಿಂತಿರುತ್ತವೆ, ಎಲ್ಲ ಸೇರಿ ಎಎಂಎಚ್ ಬಿಡುತ್ತವೆ, ಆದರೆ ಯಾವುದೂ ಪೂರ್ತಿ ಬೆಳೆದು ಹೊರಗೆ ಬರುತ್ತಿಲ್ಲ. ವರ್ಷಕ್ಕೆ ನಿಮಗೆ 13 ಸಲ ಮೊಟ್ಟೆ ಬಿಡುಗಡೆ ಆದರೆ ಅವರಿಗೆ ನಾಲ್ಕೈದು ಸಲ ಆಗಬಹುದು. ಅವರಿಗೂ ಮಗು ಬೇಕಿದ್ದರೆ ಮೊಟ್ಟೆ ಬಿಡುಗಡೆ ಮಾಡಿಸುವ ಮಾತ್ರೆ, ಸಾಮಾನ್ಯವಾಗಿ ಲೆಟ್ರೊಜೋಲ್, ಅದರಿಂದ ಶುರು ಮಾಡುತ್ತಾರೆ. ಐವಿಎಫ್‌ಗೆ ಹೋದರೆ ಅವರಿಗೆ ಇಂಜೆಕ್ಷನ್ ಹುಷಾರಾಗಿ ಕೊಡಬೇಕು, ಇಲ್ಲದಿದ್ದರೆ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಅಪಾಯ ಇದೆ. ಅವರ ವಯಸ್ಸು 36, ನಿಮ್ಮದು 33. ಮೊಟ್ಟೆಯ ಗುಣದ ಮಟ್ಟಿಗೆ ಈ ವಿಷಯದಲ್ಲಿ ನೀವೇ ಮುಂದೆ ಇದ್ದೀರಿ.

ಗುಣ ಅಂದೆ. ಇದು ಎಎಂಎಚ್ ಹೇಳದೇ ಇರುವ ವಿಷಯ. ಮೊಟ್ಟೆಯ ಕ್ರೋಮೋಸೋಮುಗಳು ಸರಿಯಾಗಿ ಹಂಚಿಕೆಯಾಗುತ್ತವಾ ಇಲ್ವಾ ಅನ್ನುವುದು ಬಹುಪಾಲು ವಯಸ್ಸಿನ ಮೇಲೆ ನಿಂತಿದೆ. ಮೂವತ್ತರ ಆಸುಪಾಸಿನಲ್ಲಿ ಲ್ಯಾಬಿನಲ್ಲಿ ಬೆಳೆದ ಭ್ರೂಣಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಕ್ರೋಮೋಸೋಮಿನ ದೋಷ ಇರುತ್ತದೆ, 40 ದಾಟಿದರೆ ಅರ್ಧಕ್ಕಿಂತ ಜಾಸ್ತಿ, 44ಕ್ಕೆ ಹತ್ತರಲ್ಲಿ ಎಂಟಕ್ಕೂ ಮಿಕ್ಕಿ. ಎಎಂಎಚ್ 3 ಇರುವ 42ರ ಹೆಂಗಸಿಗಿಂತ 0.9 ಇರುವ 33ರ ನಿಮಗೆ ಒಂದೊಂದು ಮೊಟ್ಟೆಯ ಬೆಲೆ ಜಾಸ್ತಿ. ಲೆಕ್ಕ ಹಾಕಿಯೇ ತೋರಿಸುತ್ತೇನೆ. ನೀವು ಐವಿಎಫ್ ಮಾಡಿಸಿಕೊಂಡರೆ ನಾಲ್ಕರಿಂದ ಆರು ಮೊಟ್ಟೆ ಸಿಗಬಹುದು ಅಂತ ನನ್ನ ಅಂದಾಜು. ಐದು ಸಿಕ್ಕವು ಅನ್ನಿ. ಅದರಲ್ಲಿ ನಾಲ್ಕು ಬಲಿತಿರುತ್ತವೆ, ಮೂರು ಫಲಿಸುತ್ತವೆ, ಐದನೇ ದಿನದವರೆಗೆ ಬೆಳೆದು ನಿಲ್ಲುವುದು ಒಂದೋ ಎರಡೋ. ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಕೆಲವರಿಗೆ ಒಂದೇ ಸುತ್ತಿನಲ್ಲಿ ಸಾಕಾಗುತ್ತದೆ, ಕೆಲವರಿಗೆ ಎರಡು ಮೂರು ಸುತ್ತು ಬೇಕಾಗುತ್ತದೆ. ಇಂಜೆಕ್ಷನ್ ಡೋಸ್ ಏರಿಸುತ್ತಾ ಹೋದರೆ ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ದಿನಕ್ಕೆ 300 ಯೂನಿಟ್ ಮೇಲೆ ಹೋಗಿ ಲಾಭ ಇಲ್ಲ ಅಂತ ಯುರೋಪಿನ ಬಂಜೆತನ ತಜ್ಞರ ಸಂಸ್ಥೆ ಎಸ್ರೆಯ 2019ರ ಮಾರ್ಗಸೂಚಿಯೇ ಹೇಳಿದೆ. ಇಲ್ಲದ ಫಾಲಿಕಲನ್ನು ಇಂಜೆಕ್ಷನ್ ಹುಟ್ಟಿಸುವುದಿಲ್ಲ. ಅಂದಹಾಗೆ, ಐವಿಎಫ್ ಮಾಡಿಸಿದರೆ ಇರುವ ಮೊಟ್ಟೆಯೂ ಬೇಗ ಖಾಲಿ ಆಗುತ್ತದೆ ಅನ್ನುವ ಭಯ ಬೇಡ. ಆ ತಿಂಗಳು ಹೇಗಿದ್ದರೂ ಕರಗಿಹೋಗಲಿದ್ದವನ್ನೇ ಅದು ಉಳಿಸಿಕೊಳ್ಳುವುದು.

ಹೀಗಿರುವಾಗ 33ಕ್ಕೆ, ಒಂದು ಸಲವೂ ಸ್ವಂತ ಮೊಟ್ಟೆಯಲ್ಲಿ ಪ್ರಯತ್ನ ಮಾಡದೆ, ಡೋನರ್ ಮೊಟ್ಟೆಯ ಮಾತು ಎತ್ತಿದ್ದು ನನಗೆ ಅರ್ಥವಾಗುವುದಿಲ್ಲ. ನಾನೇನು ಇದರಲ್ಲಿ ಸಾಚಾ ಅಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಎಎಂಎಚ್ 0.4 ಇದ್ದ ಒಬ್ಬರಿಗೆ ಹೆಚ್ಚುಕಡಿಮೆ ಇದೇ ಮಾತು ಹೇಳಿ ಕಳಿಸಿದ್ದೆ. ಅವರು ಅತ್ತುಕೊಂಡು ಹೋದರು. ಐದು ತಿಂಗಳ ಮೇಲೆ ಬಂದು ಮೇಜಿನ ಮೇಲೆ ಸ್ಕ್ಯಾನ್ ರಿಪೋರ್ಟ್ ಇಟ್ಟರು, ಎಂಟು ವಾರ, ಹೃದಯ ಬಡಿತ ಇದೆ. ಯಾವ ಚಿಕಿತ್ಸೆಯೂ ಇಲ್ಲದೆ. "ನೀವು ಹೇಳಿದ ಮೇಲೆ ಎಲ್ಲ ಬಿಟ್ಟುಬಿಟ್ಟಿದ್ವಿ ಡಾಕ್ಟ್ರೇ" ಅಂದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಇದನ್ನು ಹೇಳುತ್ತಿಲ್ಲ. ಆದರೆ ಆವತ್ತಿನಿಂದ ಒಂದು ಸಂಖ್ಯೆ ನೋಡಿ ಬಾಗಿಲು ಹಾಕುವುದನ್ನು ಬಿಟ್ಟೆ.

ಏರಿಸುವ ದಾರಿ? ಇಲ್ಲ. ಡಿಎಚ್‌ಇಎ, ಕೋಎಂಜೈಮ್ ಕ್ಯೂ10, ವಿಟಮಿನ್ ಡಿ, ಅಂಡಾಶಯಕ್ಕೆ ಚುಚ್ಚುವ ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ), ಎಲ್ಲದರ ಹೆಸರೂ ಕಿವಿಗೆ ಬೀಳುತ್ತದೆ. ಯಾವುದೂ ದಾಸ್ತಾನನ್ನು ತುಂಬುವುದಿಲ್ಲ. ವಿಟಮಿನ್ ಡಿ ಕಡಿಮೆ ಇದ್ದರೆ ಸರಿಮಾಡಿಕೊಳ್ಳಿ, ಅದು ಬೇರೆ ಕಾರಣಕ್ಕೆ ಒಳ್ಳೆಯದು. ಡಿಎಚ್‌ಇಎ ಮಾತ್ರ ವೈದ್ಯರು ಹೇಳದೆ ತಗೋಬೇಡಿ, ಅದು ಗಂಡು ಹಾರ್ಮೋನಿನ ಕಚ್ಚಾ ಮಾಲು, ಮೊಡವೆ ಬರುತ್ತದೆ, ಕೂದಲು ಇನ್ನೂ ಉದುರಬಹುದು. ಪಿಆರ್‌ಪಿ ಇನ್ನೂ ಪ್ರಯೋಗದ ಹಂತದಲ್ಲಿದೆ, ಅದಕ್ಕೆ ದುಡ್ಡು ತಗೊಳ್ಳುವವರು ನಿಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಅಂತಲೇ ಲೆಕ್ಕ. ಎರಡನೇ ಸಲ 0.9 ಹೋಗಿ 1.1 ಬಂದರೆ ಅದು ಸಹಜ ಏರುಪೇರು, ಯಾವ ಮಾತ್ರೆಗೂ ಅದರ ಪುಣ್ಯ ಕೊಡಬೇಡಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಿ. ಸೇದುವ ಹೆಂಗಸರಿಗೆ ಮುಟ್ಟು ಒಂದೆರಡು ವರ್ಷ ಮುಂಚೆಯೇ ನಿಲ್ಲುತ್ತದೆ.

ನಿಮ್ಮ ಮುಟ್ಟು ಬೇಗ ನಿಲ್ಲುತ್ತಾ ಅನ್ನುವುದಕ್ಕೆ 0.9 ಒಂದೇ ನೋಡಿ ದಿನಾಂಕ ಹೇಳಲು ಯಾರಿಂದಲೂ ಆಗುವುದಿಲ್ಲ. ಸರಿಯಾಗಿ 27 ದಿನಕ್ಕೆ ಮುಟ್ಟಾಗುವವರು ನಿಲ್ಲುವ ಹೊಸ್ತಿಲಲ್ಲಿ ಇಲ್ಲ. ನಿಮ್ಮ ಅಮ್ಮನಿಗೆ ಎಷ್ಟನೇ ವಯಸ್ಸಿಗೆ ನಿಂತಿತು ಅಂತ ಕೇಳಿ, ಅದೂ ಒಂದು ಸುಳಿವು ಕೊಡಬಹುದು. 40ಕ್ಕಿಂತ ಮುಂಚೆ ನಿಂತಿದ್ದರೆ, ಅಥವಾ ನಿಮಗೆ ಅಂಡಾಶಯದ ಆಪರೇಷನ್ ಆಗಿದ್ದರೆ, ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗುಳ್ಳೆ) ಇದ್ದರೆ, ಹಿಂದೆ ಕೀಮೋ ತಗೊಂಡಿದ್ದರೆ, ಅದನ್ನು ವೈದ್ಯರಿಗೆ ಹೇಳಿ. ಆಗ ನನ್ನ ಉತ್ತರವೂ ಸ್ವಲ್ಪ ಬದಲಾಗುತ್ತದೆ, ಅವಸರ ಜಾಸ್ತಿ ಆಗುತ್ತದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ತರಿಸಿದ ಸಾಲು. ಗಂಡನ ಟೆಸ್ಟ್ ಇನ್ನೂ ಮಾಡಿಸಿಲ್ಲ. ನಿಮ್ಮ ರಕ್ತ ತೆಗೆದರು, ಒಳಗಿನಿಂದ ಸ್ಕ್ಯಾನ್ ಮಾಡಿದರು, ಐವಿಎಫ್ ಅಂದರು, ಡೋನರ್ ಅಂದರು, ಅವರ ವೀರ್ಯದ ಒಂದು ಪರೀಕ್ಷೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ಮಗು ಆಗದ ಜೋಡಿಗಳಲ್ಲಿ ಮೂರರಲ್ಲೊಂದಕ್ಕಿಂತ ಕಡಿಮೆ ಇಲ್ಲದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಎಲ್ಲಕ್ಕಿಂತ ಸುಲಭದ, ನೋವಿಲ್ಲದ ಪರೀಕ್ಷೆ ಇದು. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಸ್ಯಾಂಪಲ್ ಕೊಟ್ಟರೆ ಆಯಿತು. ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ. ಈ ತಿಂಗಳೇ ಮಾಡಿಸಿ.

ನಿಮ್ಮದು ಉಳಿದಿರುವುದು ಇಷ್ಟು. ಮುಂದಿನ ಮುಟ್ಟಿನ 2 ಅಥವಾ 3ನೇ ದಿನ ಎಫ್‌ಎಸ್‌ಎಚ್, ಎಸ್ಟ್ರಡಯಾಲ್, ಟಿಎಸ್‌ಎಚ್, ಜೊತೆಗೇ ಎಎಂಎಚ್ ಇನ್ನೊಮ್ಮೆ, ಬಯೋಟಿನ್ ಇಲ್ಲದೆ. 20–21ನೇ ದಿನ ಪ್ರೊಜೆಸ್ಟರಾನ್, 3 ದಾಟಿದ್ದರೆ ಆ ತಿಂಗಳು ಮೊಟ್ಟೆ ಬಿಡುಗಡೆಯಾಗಿದೆ ಅಂತ. ಟ್ಯೂಬ್ ತೆರೆದಿದೆಯಾ ಅಂತ ನೋಡುವ ಎಕ್ಸ್‌ರೇ ಒಂದು. ಇವೆಲ್ಲ ಸರಿ ಇದ್ದು ವೀರ್ಯವೂ ಸರಿ ಇದ್ದರೆ, ನಾನಾದರೆ ಇನ್ನು ನಾಲ್ಕು ತಿಂಗಳು ನೀವಾಗಿ ಪ್ರಯತ್ನ ಮಾಡಿ ಅನ್ನುತ್ತೇನೆ. ಟ್ಯೂಬ್ ಮುಚ್ಚಿದ್ದರೆ, ವೀರ್ಯ ತುಂಬಾ ಕಡಿಮೆ ಇದ್ದರೆ, ಕಾಯುವುದರಲ್ಲಿ ಅರ್ಥವಿಲ್ಲ, ಐವಿಎಫ್ ಸರಿಯಾದ ದಾರಿಯೇ. ನಿಮ್ಮ 0.9 ನನಗೆ ಹೇಳುವುದು ಒಂದೇ: ಇನ್ನೆರಡು ವರ್ಷ ನೋಡೋಣ ಅನ್ನುವಷ್ಟು ಧಾರಾಳ ಬೇಡ. ಎರಡು ಮಕ್ಕಳು ಬೇಕು ಅಂತಿದ್ದರೆ ಅದನ್ನು ವೈದ್ಯರಿಗೆ ಈಗಲೇ ಹೇಳಿ, ಆಗ ಅವರು ಹಾಕುವ ಲೆಕ್ಕವೇ ಬೇರೆ ಆಗುತ್ತದೆ.

ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಶುರು ಮಾಡಿಲ್ಲದಿದ್ದರೆ ಇವತ್ತಿನಿಂದ ಶುರು ಮಾಡಿ. ಬಯೋಟಿನ್ ನಿಲ್ಲಿಸಿದ ದಿನಾಂಕ ರಿಪೋರ್ಟಿನ ಮೂಲೆಯಲ್ಲೇ ಬರೆದಿಡಿ. ಹೊಸ ರಿಪೋರ್ಟ್ ಬಂದಾಗ ಮತ್ತೆ ಬರೆಯಿರಿ, ಯಜಮಾನರದ್ದನ್ನೂ ಸೇರಿಸಿ.